ಲೂ ಗ್ರಾಮದ ತಾಯಂದಿರು

ಮಕ್ಕಳಿಗಾಗಿ ದೇವರಲ್ಲಿ ಮೊರೆಯಿಡದ ತಾಯಿ ಯಾವ ದೇಶದಲ್ಲಿಯೂ ಇಲ್ಲ. ಆಯುಸ್ಸು, ಆರೋಗ್ಯ, ವಿದ್ಯೆ, ತಕ್ಕ ಸಂಬಂಧ, ಮನೆ ತುಂಬ ಮೊಮ್ಮಕ್ಕಳು, ಇವೇ ಸಾಮಾನ್ಯವಾಗಿ ಆ ಮೊರೆಯ ವಿಷಯಗಳು. ನಮ್ಮ ದೇಶದ ಸಂಪ್ರದಾಯದಲ್ಲಿ ಸಂನ್ಯಾಸಕ್ಕೆ ಹೊರಟ ಮಗನು ತಾಯಿಯ ಅಪ್ಪಣೆಯನ್ನು ಪಡೆಯಬೇಕು. ಆ ಅಪ್ಪಣೆ ಸುಲಭವಾಗಿ ದೊರೆಯುವುದಿಲ್ಲವೆಂಬುದಕ್ಕೆ ಶಂಕರಾಚಾರ್ಯರ ತಾಯಿ ಆರ್ಯಾಂಬೆಯ ಕಥೆಯೇ ಸಾಕ್ಷಿ. ಮಗನ ಕಾಲನ್ನು ಮೊಸಳೆಯು ಹಿಡಿದಾಗಲಷ್ಟೆ ಆಕೆಯ ಬಾಯಿಂದ ಒಪ್ಪಿಗೆಯ ಮಾತು ಹೊರಟಿತೆಂದು ಹೇಳುತ್ತಾರೆ. ಹೀಗಿರುವಲ್ಲಿ, ಒಂದೂರಿನ ತಾಯಂದಿರು ವಾರಕ್ಕೊಮ್ಮೆ ಒಟ್ಟಾಗಿ ಸೇರಿ, ತಮ್ಮ ಮಕ್ಕಳಲ್ಲಿ ಒಬ್ಬನನ್ನಾದರೂ ದೇವರು ತನ್ನ ಸೇವೆಗೆ ಕರೆದುಕೊಳ್ಳಲಿ ಎಂದು ತಾವಾಗಿಯೇ ಬೇಡಿಕೊಂಡರೆಂದರೆ ಯಾರಿಗಾದರೂ ಆಶ್ಚರ್ಯವಾಗದಿರದು. ಅಂಥ ಒಂದು ಊರಿನ ವೃತ್ತಾಂತವೇ ಇಂದಿನ ಭಾಷಣದ ವಿಷಯ.

ಕ್ಯಾಥೊಲಿಕ್ ಸಂಪ್ರದಾಯದ ಪರಿಚಯವಿಲ್ಲದ ಶ್ರೋತೃಗಳಿಗಾಗಿ ಒಂದೆರಡು ಮಾತುಗಳನ್ನು ಮೊದಲೇ ಹೇಳಬೇಕು. ಆ ಸಭೆಯಲ್ಲಿ ಗೃಹಸ್ಥರು ಮನೆಯಲ್ಲಿ ಜಪಸರ ಹಿಡಿದು ಪ್ರಾರ್ಥಿಸಬಹುದು. ಆಪತ್ಕಾಲದಲ್ಲಿ ಶಿಶುವಿಗೆ ಸ್ನಾನದೀಕ್ಷೆಯನ್ನೂ ಕೊಡಬಹುದು. ಆದರೆ ಬಲಿಪೂಜೆಯನ್ನು ನೆರವೇರಿಸುವ, ಪಾಪನಿವೇದನೆಯನ್ನು ಕೇಳಿ ಕ್ಷಮೆಯನ್ನು ನುಡಿಯುವ ಅಧಿಕಾರ ದೀಕ್ಷೆ ಪಡೆದ ಗುರುವಿಗೆ ಸೇರಿದ್ದು. ಲ್ಯಾಟಿನ್ ಪದ್ಧತಿಯಲ್ಲಿ ಈ ಗುರುವು ಸಾಮಾನ್ಯವಾಗಿ ಅವಿವಾಹಿತ. ಆದಕಾರಣ ಗುರುವಿನ ಮಗ ಗುರುವಾಗುವ ವಂಶಪಾರಂಪರ್ಯ ಅಲ್ಲಿ ಸಾಧ್ಯವಿಲ್ಲ. ಪ್ರತಿಯೊಂದು ತಲೆಮಾರಿನಲ್ಲಿಯೂ ಗುರುಗಳು ಗೃಹಸ್ಥರ ಮನೆಗಳಿಂದಲೇ ಹೊಸದಾಗಿ ಬರಬೇಕು. ಅಂಥ ಜೀವನಕ್ಕೆ ಒಬ್ಬನ ಮನಸ್ಸಿನಲ್ಲಿ ಹುಟ್ಟುವ ಪ್ರೇರಣೆಯನ್ನು ಅವರು ದೈವಕರೆ ಎನ್ನುತ್ತಾರೆ. ಬೆಳೆ ಹೇರಳವಾಗಿದ್ದು ಕೊಯ್ಯುವವರು ಕಡಮೆಯಾದಾಗ, ಆಳುಗಳನ್ನು ಕಳುಹಿಸುವಂತೆ ಹೊಲದ ಒಡೆಯನನ್ನೇ ಬೇಡಬೇಕೆಂದು ಯೇಸುಸ್ವಾಮಿಯು ಶಿಷ್ಯರಿಗೆ ಬೋಧಿಸಿದ ಪ್ರಸಂಗವು ಸುವಾರ್ತೆಯಲ್ಲಿದೆ. ಗುರುಗಳಿಗಾಗಿ ಗೃಹಸ್ಥರು ಮಾಡುವ ಪ್ರಾರ್ಥನೆಗೆ ಇದೇ ಆಧಾರ. ಬೇಡಿದ ಆಳು ಎಲ್ಲಿಂದ ಬರಬೇಕೆಂದು ಯೋಚಿಸಿದರೆ ಮಾತ್ರ ಅದರ ಭಾರ ತಿಳಿಯುತ್ತದೆ. ಆತನು ಬರಬೇಕಾದುದು ಬೇಡಿದವರ ಮನೆಯ ಬಾಗಿಲಿನಿಂದಲೇ.

ಇಟಲಿಯ ವಾಯವ್ಯ ಭಾಗದಲ್ಲಿ ಪೀಡ್ಮಾಂಟ್ ಎಂಬ ಪ್ರಾಂತವಿದೆ. ಅದರ ರಾಜಧಾನಿ ಟ್ಯೂರಿನ್ ನಗರ. ಟ್ಯೂರಿನ್ನಿನ ಪೂರ್ವಕ್ಕೆ, ಅಲೆಸ್ಸಾಂಡ್ರಿಯಾ ಮತ್ತು ಕಸಾಲೆ ಎಂಬ ಪಟ್ಟಣಗಳ ನಡುವೆ, ಮಾನ್‌ಫೆರಾಟೊ ಎಂಬ ದಿಣ್ಣೆಗಳ ಸೀಮೆ. ದಿಣ್ಣೆಗಳ ಇಳಿಜಾರಿನಲ್ಲೆಲ್ಲ ದ್ರಾಕ್ಷಿಯ ತೋಟಗಳು; ನೆತ್ತಿಯ ಮೇಲೆ ಊರುಗಳು. ಅಂಥ ಊರುಗಳಲ್ಲಿ ಒಂದು ಲೂ. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಜನಸಂಖ್ಯೆ ಕೆಲವೇ ಸಾವಿರ. ಮುಖ್ಯ ಕಸುಬು ಬೇಸಾಯ. ಯುದ್ಧಗಳ ಚರಿತ್ರೆಯಲ್ಲಾಗಲಿ ರಾಜರ ಚರಿತ್ರೆಯಲ್ಲಾಗಲಿ ಈ ಊರಿಗೆ ಹೇಳಿಕೊಳ್ಳುವಂಥ ಸ್ಥಾನವಿಲ್ಲ.

ಆದರೆ ಆ ಕಾಲವು ಪೀಡ್ಮಾಂಟಿಗೆ ಶಾಂತಿಯ ಕಾಲವಾಗಿರಲಿಲ್ಲ. ಛಿದ್ರವಾಗಿದ್ದ ಇಟಲಿಯನ್ನು ಒಂದು ರಾಜ್ಯವನ್ನಾಗಿ ಕೂಡಿಸುವ ಮಹೋದ್ಯಮದಲ್ಲಿ ಮುಂದಾಳಾಗಿದ್ದುದು ಪೀಡ್ಮಾಂಟಿನ ರಾಜಮನೆತನವೇ. ಆ ಉದ್ಯಮದ ಜೊತೆಯಲ್ಲಿಯೇ ರಾಜ್ಯಕ್ಕೂ ಧರ್ಮಸಭೆಗೂ ವಿರಸ ಬೆಳೆಯಿತು. 1850ರಲ್ಲಿ ಸಿಕಾರ್ಡಿ ಕಾನೂನುಗಳಿಂದ ಗುರುಗಳಿಗಿದ್ದ ಪ್ರತ್ಯೇಕ ನ್ಯಾಯಾಲಯಗಳು ರದ್ದಾದುವು. ಅದನ್ನು ವಿರೋಧಿಸಿದ ಟ್ಯೂರಿನ್ನಿನ ಮಹಾಧರ್ಮಾಧ್ಯಕ್ಷ ಫ್ರಾನ್ಸೋನಿ ದೇಶಭ್ರಷ್ಟರಾಗಿ 1862ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಕಾಲವಾದರು. 1855ರಲ್ಲಿ ಅನೇಕ ಮಠಗಳು ಮುಚ್ಚಲ್ಪಟ್ಟುವು. 1866 ಮತ್ತು 1867ರ ಕಾನೂನುಗಳು ಉಳಿದ ಮಠಗಳನ್ನೂ ಧರ್ಮಸಭೆಯ ಆಸ್ತಿಯ ಬಹುಭಾಗವನ್ನೂ ಸರ್ಕಾರದ ವಶಕ್ಕೆ ತಂದುವು. 1869ರಲ್ಲಿ ಗುರುದೀಕ್ಷೆಗಾಗಿ ಓದುವ ತರುಣರಿಗೆ ಸೈನ್ಯಸೇವೆಯಿಂದ ಇದ್ದ ವಿನಾಯಿತಿಯೂ ಹೋಯಿತು. 1870ರ ಸೆಪ್ಟೆಂಬರ್ 20ರಂದು ಇಟಲಿಯ ಸೈನ್ಯವು ರೋಮನ್ನು ಪ್ರವೇಶಿಸಿತು. ಇದರಲ್ಲಿ ಯಾರ ಪಕ್ಷ ನ್ಯಾಯವಾದದ್ದೆಂಬ ಚರ್ಚೆ ಇಲ್ಲಿ ಬೇಡ. ಒಂದು ರೈತಕುಟುಂಬದ ದೃಷ್ಟಿಯಿಂದ ನೋಡಿದರೆ ಇಷ್ಟು ಸ್ಪಷ್ಟ: ಗುರುವೃತ್ತಿಗೆ ಹಿಂದೆ ಇದ್ದ ಆದಾಯ, ಆಶ್ರಯ, ಗೌರವಗಳೆಲ್ಲ ಒಂದೇ ತಲೆಮಾರಿನಲ್ಲಿ ಕುಗ್ಗಿಹೋಗಿದ್ದುವು. ಮಗನು ಗುರುವಾದರೆ ಮನೆಗೆ ಲಾಭ ಎಂದು ಎಣಿಸುವ ಕಾಲ ಅದಲ್ಲ.

ಅದೇ ಕಾಲದಲ್ಲಿ ಪೀಡ್ಮಾಂಟಿನಲ್ಲಿ ಇನ್ನೊಂದು ಶಕ್ತಿಯೂ ಕೆಲಸ ಮಾಡುತ್ತಿದ್ದಿತು. 1815ರಲ್ಲಿ ರೈತರ ಮನೆಯಲ್ಲಿ ಹುಟ್ಟಿ, 1841ರಲ್ಲಿ ಗುರುದೀಕ್ಷೆ ಪಡೆದ ಜಾನ್ ಬಾಸ್ಕೊ ಅವರು ಟ್ಯೂರಿನ್ನಿನ ಬೀದಿಗಳಲ್ಲಿ ಅಲೆಯುತ್ತಿದ್ದ ಬಡ ಹುಡುಗರನ್ನು ಕಲೆಹಾಕಿ ಅವರಿಗೆ ಊಟ, ವಸತಿ, ಕಸುಬು, ಅಕ್ಷರ ಇವುಗಳನ್ನು ಒದಗಿಸಿದರು. ಜನ ಅವರನ್ನು ಡಾನ್ ಬಾಸ್ಕೊ ಎಂದು ಕರೆದರು. ಡಾನ್ ಎಂಬುದು ಅಲ್ಲಿ ಗುರುಗಳಿಗೆ ಸಲ್ಲುವ ಗೌರವವಾಚಕ. 1846ರಲ್ಲಿ ಅವರ ವಿಧವೆ ತಾಯಿ ಮಾರ್ಗರೀಟ ಹಳ್ಳಿಯ ಮನೆಯನ್ನು ಬಿಟ್ಟು ಟ್ಯೂರಿನ್ನಿಗೆ ಬಂದು, ಆ ಅನಾಥ ಹುಡುಗರಿಗೆ ಅಡಿಗೆ ಮಾಡಿ ಬಡಿಸುತ್ತ, ಅವರ ಹರಿದ ಬಟ್ಟೆಗಳನ್ನು ಹೊಲಿಯುತ್ತ ಹತ್ತು ವರ್ಷ ಬಾಳಿ, 1856ರಲ್ಲಿ ಅಲ್ಲಿಯೇ ತೀರಿಕೊಂಡರು. ಡಾನ್ ಬಾಸ್ಕೊ ಅವರು ಶರತ್ಕಾಲದಲ್ಲಿ ಹುಡುಗರ ತಂಡವನ್ನು ಕಟ್ಟಿಕೊಂಡು ವಾದ್ಯಗಳೊಡನೆ ಮಾನ್‌ಫೆರಾಟೊ ಸೀಮೆಯ ಊರೂರುಗಳನ್ನು ಸುತ್ತುತ್ತಿದ್ದರು. 1863ರಲ್ಲಿ, ಟ್ಯೂರಿನ್ನಿನ ಹೊರಗೆ ಅವರು ತೆರೆದ ಮೊದಲನೆಯ ವಿದ್ಯಾಶಾಲೆಗೆ ಲೂ ಗ್ರಾಮಕ್ಕೆ ಹತ್ತಿರದ ಮಿರಬೆಲ್ಲೊ ಎಂಬ ಊರೇ ಸ್ಥಳವಾಯಿತು. ಅವರು ಕಟ್ಟಿದ ಸಲೇಸಿಯನ್ ಸಭೆಯೂ, 1872ರಲ್ಲಿ ಸ್ತ್ರೀಯರಿಗಾಗಿ ಹುಟ್ಟಿದ ಸೋದರಿಯರ ಸಭೆಯೂ ಈ ಸೀಮೆಗೆ ನೆರೆಹೊರೆಯ ಸಂಸ್ಥೆಗಳೇ ಆಗಿದ್ದುವು.

ಈ ಹಿನ್ನೆಲೆಯಲ್ಲಿ 1881ರ ಸಂಗತಿಯನ್ನು ನೋಡಬೇಕು. ಆ ವರ್ಷ ಲೂ ಗ್ರಾಮದ ಕೆಲವು ತಾಯಂದಿರು ತಮ್ಮಲ್ಲಿ ಒಂದು ನಿಶ್ಚಯವನ್ನು ಮಾಡಿಕೊಂಡರು. ಊರಿನ ಗುರುಗಳಾಗಿದ್ದ ಅಲೆಸ್ಸಾಂಡ್ರೊ ಕನೋರ ಅವರು ಅದಕ್ಕೆ ಮಾರ್ಗದರ್ಶಕರಾದರು. ಪ್ರತಿ ಮಂಗಳವಾರವೂ ತಾಯಂದಿರು ದೇವಾಲಯದಲ್ಲಿ ಸೇರಿ ಪರಮಪ್ರಸಾದದ ಮುಂದೆ ಆರಾಧನೆ ನಡೆಸುವುದು. ತಮ್ಮ ಊರಿನಿಂದ ಗುರುಗಳು ಏಳಲೆಂದು ಬೇಡುವುದು. ತಿಂಗಳ ಮೊದಲನೆಯ ಭಾನುವಾರ ಅದೇ ಉದ್ದೇಶದಿಂದ ಪರಮಪ್ರಸಾದವನ್ನು ಸ್ವೀಕರಿಸುವುದು. ಪೂಜೆ ಮುಗಿದ ಮೇಲೆ ಎಲ್ಲರೂ ಒಟ್ಟಾಗಿ ಒಂದು ಪ್ರಾರ್ಥನೆಯನ್ನು ಹೇಳುವುದು. ಕಾರ್ಯಕ್ರಮವೆಲ್ಲ ಇಷ್ಟೆ. ಇದಕ್ಕೆ ಹಣ ಬೇಕಿರಲಿಲ್ಲ, ಕಟ್ಟಡ ಬೇಕಿರಲಿಲ್ಲ. ಬೇಕಾಗಿದ್ದುದು ಮಂಗಳವಾರದ ಬಿಡುವು. ದ್ರಾಕ್ಷಿತೋಟದ ಕೆಲಸ, ದನಕರು, ಅಡಿಗೆ, ಕೂಸು ಇವುಗಳ ನಡುವೆ ಹಳ್ಳಿಯ ಹೆಂಗಸಿಗೆ ಅದು ಎಷ್ಟು ದುರ್ಲಭವೆಂಬುದನ್ನು ನಾವು ಬಲ್ಲೆವು.

ಆ ಪ್ರಾರ್ಥನೆಯ ತಾತ್ಪರ್ಯವು ವಿಚಾರಮಾಡತಕ್ಕದ್ದು. ತಾಯಿಯು ಮೊದಲು ತನ್ನ ಮಕ್ಕಳಲ್ಲಿ ಒಬ್ಬನು ಗುರುವಾಗಲೆಂದು ಕೇಳುತ್ತಾಳೆ. ಆದರೆ ಕೇಳಿ ಸುಮ್ಮನಾಗುವುದಿಲ್ಲ. ತಾನು ಒಳ್ಳೆಯ ಕ್ರೈಸ್ತಳಾಗಿ ಬಾಳುವೆನೆಂದೂ, ಮಕ್ಕಳನ್ನು ಸನ್ಮಾರ್ಗದಲ್ಲಿ ನಡೆಸುವೆನೆಂದೂ ಅಲ್ಲಿಯೇ ಮಾತು ಕೊಡುತ್ತಾಳೆ. ಹಾಗೆ ನಡೆದ ಮೇಲೆ ಒಬ್ಬ ಪವಿತ್ರನಾದ ಗುರುವನ್ನು ಒಪ್ಪಿಸುವ ಭಾಗ್ಯ ತನಗೆ ದೊರೆಯಲೆಂದು ಬೇಡುತ್ತಾಳೆ. ಹೊರನೋಟಕ್ಕೆ ಇದು ಗುರುಗಳಿಗಾಗಿ ಮಾಡಿದ ಪ್ರಾರ್ಥನೆ; ಒಳಗೆ ಇದು ಸಂಸಾರಕ್ಕಾಗಿ ಮಾಡಿದ ಪ್ರಾರ್ಥನೆ. ದೇವರು ಮಗನನ್ನು ಕರೆಯಬೇಕಾದರೆ ಆ ಕರೆ ಕೇಳಿಸುವಷ್ಟು ಮೌನವೂ ಶುಚಿಯೂ ಮನೆಯಲ್ಲಿ ಇರಬೇಕು. ಅದನ್ನು ಇರಿಸುವ ಹೊಣೆ ತನ್ನದು ಎಂದು ಆ ತಾಯಿ ಒಪ್ಪಿಕೊಂಡಳು. ಗುರುಮಠದಲ್ಲಿ ಆರಂಭವಾಗಬೇಕಾದ ಶಿಕ್ಷಣವನ್ನು ಅಡಿಗೆಮನೆಯಲ್ಲಿಯೇ ಆರಂಭಿಸಿದಳು.

ಫಲವೇನಾಯಿತು? ಈ ಒಂದು ಹಳ್ಳಿಯಿಂದ ಕಾಲಕ್ರಮದಲ್ಲಿ 323 ಮಂದಿ ದೀಕ್ಷಾಜೀವನವನ್ನು ಹಿಡಿದರೆಂದು ಲೆಕ್ಕ. ಅವರಲ್ಲಿ 152 ಮಂದಿ ಗುರುಗಳು ಮತ್ತು ವ್ರತಧಾರಿಗಳಾದ ಪುರುಷರು. 171 ಮಂದಿ ಸಂನ್ಯಾಸಿನಿಯರು. ಕೆಲವು ಮನೆಗಳಿಂದ ಮೂವರು, ನಾಲ್ವರು ಹೊರಟರು. ತಾಯಂದಿರು ಬೇಡಿದುದು ಮುಖ್ಯವಾಗಿ ಗಂಡುಮಕ್ಕಳ ವಿಷಯದಲ್ಲಿ. ಹೊರಟವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಎಂಬುದು ಗಮನಾರ್ಹ.

ಇಲ್ಲಿ ಚರಿತ್ರೆಯನ್ನು ಓದುವವನು ಸ್ವಲ್ಪ ನಿಲ್ಲಬೇಕು. ಭಕ್ತನಾದವನು ಇದೆಲ್ಲ ಪ್ರಾರ್ಥನೆಯ ಫಲ ಎಂದು ಹೇಳುವನು. ಸಂದೇಹಿಯಾದವನು ಬೇರೆ ಕಾರಣಗಳನ್ನು ತೋರಿಸುವನು: ಮನೆತುಂಬ ಮಕ್ಕಳಿದ್ದ ಕಾಲ, ಚಿಕ್ಕ ಹಿಡುವಳಿಗಳು ಎಲ್ಲರನ್ನೂ ಸಾಕಲಾರವು, ಬಡ ಹುಡುಗನಿಗೆ ವಿದ್ಯೆ ದೊರೆಯುವ ದಾರಿ ಡಾನ್ ಬಾಸ್ಕೊ ಅವರ ಶಾಲೆ, ಆ ಶಾಲೆಯೂ ಹತ್ತಿರದಲ್ಲಿಯೇ. ಈ ಕಾರಣಗಳನ್ನು ಅಲ್ಲಗಳೆಯಲಾಗದು. ಆದರೆ ಅವು ಲೂ ಗ್ರಾಮದ ಸುತ್ತಣ ಊರುಗಳಿಗೂ ಸಮಾನವಾಗಿದ್ದುವು. ಅದೂ ಅಲ್ಲದೆ ಮಕ್ಕಳು ಊರು ಬಿಟ್ಟು ಹೋಗುವುದು ಆ ಕಾಲದಲ್ಲಿ ಹೊಸದೇನೂ ಅಲ್ಲ. ಪೀಡ್ಮಾಂಟಿನ ತರುಣರು ಜಿನೋವಾ ಬಂದರಿನಲ್ಲಿ ಹಡಗು ಹತ್ತಿ ಅರ್ಜೆಂಟೀನಕ್ಕೆ ಹೊಟ್ಟೆಪಾಡಿಗಾಗಿ ಹೋಗುತ್ತಿದ್ದರು. 1875ರ ನವೆಂಬರಿನಲ್ಲಿ ಹೊರಟ ಮೊದಲನೆಯ ಸಲೇಸಿಯನ್ ಪ್ರಚಾರಕರು ಅದೇ ಬಂದರಿನಿಂದ ಅದೇ ದೇಶಕ್ಕೆ ಹೋದದ್ದು ಬಹುಮಟ್ಟಿಗೆ ಈ ವಲಸೆಗಾರರ ಸೇವೆಗಾಗಿಯೇ. ಮಗನು ಹೇಗೂ ಹೋಗುವನು. ಸೈನ್ಯಕ್ಕೆ, ನಗರಕ್ಕೆ, ಸಮುದ್ರದಾಚೆಗೆ. ಹೋಗುವವನು ಯಾವುದಕ್ಕಾಗಿ ಹೋಗಬೇಕೆಂಬ ವಿಷಯದಲ್ಲಿ ತಾಯಂದಿರು ತಮ್ಮ ಮಾತನ್ನು ಹೇಳಿದರು ಎಂದು ನನಗೆ ತೋರುತ್ತದೆ. ಪ್ರಾರ್ಥನೆಯು ದೇವರ ಮೇಲೆ ಮಾಡಿದ ಪರಿಣಾಮವನ್ನು ಚರಿತ್ರೆ ಅಳೆಯಲಾರದು. ಊರಿನ ಮೇಲೆ ಅದು ಮಾಡಿದ ಪರಿಣಾಮವನ್ನು ಊಹಿಸಬಹುದು. ಒಬ್ಬ ಹುಡುಗನು ‘ನನಗೆ ಗುರುವಾಗುವ ಮನಸ್ಸಿದೆ’ ಎಂದು ಬಾಯಿಬಿಟ್ಟು ಹೇಳಿದರೆ ನಗದೆ, ಗದರಿಸದೆ ಕೇಳುವ ಮನೆಗಳು ಅಲ್ಲಿ ಇದ್ದುವು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ತಾಯಿಯ ಬಯಕೆ ಮಗನ ಮೇಲೆ ಬಲವಂತವಾಗಿ ಕೂಡುವುದಿಲ್ಲವೆ? ಕರೆ ದೇವರದೋ ತಾಯಿಯದೋ ಎಂದು ಮಗನು ತಿಳಿಯುವುದು ಹೇಗೆ? ಇದಕ್ಕೆ ಉತ್ತರವಾಗಿ ಆ ಊರಿನ ಅತ್ಯಂತ ಪ್ರಸಿದ್ಧ ಪುತ್ರನ ಜೀವನವನ್ನೇ ನೋಡಬಹುದು.

ಫಿಲಿಪ್ ರಿನಾಲ್ಡಿ ಅವರು ಲೂ ಗ್ರಾಮದಲ್ಲಿ 1856ರ ಮೇ 28ರಂದು ಹುಟ್ಟಿದರು. ತಂದೆ ಕ್ರಿಸ್ಟೊಫೊರೊ, ತಾಯಿ ಅಂಟೋನಿಯ. ಐದು ವರ್ಷದ ಬಾಲಕನಾಗಿದ್ದಾಗಲೇ ಅವರು ಊರಿಗೆ ಬಂದ ಡಾನ್ ಬಾಸ್ಕೊ ಅವರನ್ನು ಕಂಡಿದ್ದರು. ಹತ್ತನೆಯ ವಯಸ್ಸಿನಲ್ಲಿ ಅವರನ್ನು ಮಿರಬೆಲ್ಲೊ ಶಾಲೆಗೆ ಸೇರಿಸಿದರು. ಅಲ್ಲಿ ಒಬ್ಬ ಮೇಲ್ವಿಚಾರಕನ ಕಟುವರ್ತನೆಯಿಂದ ನೊಂದು, ಹುಡುಗ ಕೆಲವೇ ತಿಂಗಳಲ್ಲಿ ಮನೆಗೆ ಮರಳಿದ. ಡಾನ್ ಬಾಸ್ಕೊ ಅವರು ಕಾಗದಗಳನ್ನು ಬರೆದು ಕರೆದರು; ಆತ ಹೋಗಲಿಲ್ಲ. ತೋಟದ ಕೆಲಸಕ್ಕೆ ಇಳಿದು ತರುಣನಾದ. ಮದುವೆಯ ಮಾತುಕತೆಯೂ ನಡೆಯಿತು. ಡಾನ್ ಬಾಸ್ಕೊ ಅವರು ಮತ್ತೆ ಲೂ ಗ್ರಾಮಕ್ಕೆ ಬಂದು ಆತನೊಡನೆ ಮಾತನಾಡಿದರು. ಕೊನೆಗೆ ಇಪ್ಪತ್ತೊಂದು ವರ್ಷದವನಾಗಿ, 1877ರಲ್ಲಿ, ವಯಸ್ಸು ಮೀರಿದ ವಿದ್ಯಾರ್ಥಿಗಳಿಗಾಗಿ ಜಿನೋವಾದ ಬಳಿ ಇದ್ದ ಶಾಲೆಯನ್ನು ಸೇರಿದ. 1882ರಲ್ಲಿ ಗುರುದೀಕ್ಷೆಯಾಯಿತು.

ಈ ವರ್ಷಗಳನ್ನು ಗಮನಿಸಬೇಕು. ತಾಯಂದಿರ ಕೂಟವು ನಿಯಮವಾಗಿ ಆರಂಭವಾದದ್ದು 1881ರಲ್ಲಿ. ರಿನಾಲ್ಡಿ ಮನೆ ಬಿಟ್ಟದ್ದು ಅದಕ್ಕೆ ನಾಲ್ಕು ವರ್ಷ ಮುಂಚೆ. ಆದುದರಿಂದ ಅವರನ್ನು ಆ ಮಂಗಳವಾರದ ಪ್ರಾರ್ಥನೆಯ ನೇರವಾದ ಫಲವೆಂದು ಹೇಳುವುದು ಸರಿಯಲ್ಲ. ಆ ಪ್ರಾರ್ಥನೆಯನ್ನು ಹುಟ್ಟಿಸಿದ ಊರಿನ ಫಲವೆಂದು ಹೇಳಬಹುದು. ಅದಕ್ಕಿಂತ ಮುಖ್ಯವಾದುದೆಂದರೆ, ಆತನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವಿದ್ದಿತು; ಹತ್ತು ವರ್ಷ ಆತನು ಒಲ್ಲೆನೆಂದೇ ಇದ್ದನು. ಬೇಡಿಕೆಯು ದೇವರಿಗೆ, ನಿರ್ಣಯವು ಮಗನಿಗೆ. ಈ ಎರಡನ್ನೂ ಬೇರೆಬೇರೆಯಾಗಿ ಇಡಬಲ್ಲ ಮನೆಯಲ್ಲಿ ಮಾತ್ರ ದೈವಕರೆ ಎಂಬ ಮಾತಿಗೆ ಅರ್ಥವಿರುತ್ತದೆ.

ಬಾಲ್ಯದಲ್ಲಿ ಕಟುವರ್ತನೆಯಿಂದ ಓಡಿಹೋಗಿದ್ದ ಈ ಮನುಷ್ಯನು ತಾನು ಹಿರಿಯನಾದ ಮೇಲೆ ತಂದೆಯಂತೆ ಮೃದುವಾಗಿ ನಡೆದುಕೊಂಡನೆಂದು ಪ್ರಸಿದ್ಧಿ. ರಿನಾಲ್ಡಿ ಅವರು 1889ರಿಂದ ಸ್ಪೇನಿನಲ್ಲಿ ಕೆಲಸ ಮಾಡಿ, 1901ರಲ್ಲಿ ಟ್ಯೂರಿನ್ನಿಗೆ ಮರಳಿ, 1922ರಲ್ಲಿ ಡಾನ್ ಬಾಸ್ಕೊ ಅವರ ಮೂರನೆಯ ಉತ್ತರಾಧಿಕಾರಿಯಾಗಿ ಸಲೇಸಿಯನ್ ಸಭೆಯ ಮುಖ್ಯಸ್ಥರಾದರು. ಸಂಸಾರದ ನಡುವೆಯೇ, ಉದ್ಯೋಗದಲ್ಲಿದ್ದುಕೊಂಡೇ ವ್ರತಜೀವನವನ್ನು ನಡೆಸಬಯಸಿದ ಸ್ತ್ರೀಯರಿಗಾಗಿ 1917ರಲ್ಲಿ ಒಂದು ಕೂಟವನ್ನು ಅವರು ಆರಂಭಿಸಿದ್ದರು. 1931ರ ಡಿಸೆಂಬರ್ 5ರಂದು ಅವರು ಕಾಲವಾದರು. 1990ರಲ್ಲಿ ಅವರನ್ನು ಧನ್ಯರೆಂದು ಘೋಷಿಸಲಾಯಿತು.

ನಮ್ಮ ದೇಶಕ್ಕೂ ಈ ಕಥೆಗೂ ಸಂಬಂಧವಿಲ್ಲದಿಲ್ಲ. ಸಲೇಸಿಯನ್ ಗುರುಗಳು 1906ರಲ್ಲಿ ತಂಜಾವೂರಿಗೆ ಬಂದರು. 1922ರಲ್ಲಿ ಅಸ್ಸಾಮಿನ ಶಿಲ್ಲಾಂಗಿಗೆ ಹೋದರು. ರಿನಾಲ್ಡಿ ಅವರ ಆಡಳಿತದಲ್ಲಿ, 1928ರಲ್ಲಿ, ಮದರಾಸಿನ ಮಹಾಧರ್ಮಪ್ರಾಂತವು ಈ ಸಭೆಯ ವಶಕ್ಕೆ ಬಂದಿತು. ಲೂ ಗ್ರಾಮದ ತಾಯಂದಿರು ಕೂಡಿಕೊಂಡ ಕಾಲದಲ್ಲಿಯೇ ನಮ್ಮ ಮಂಗಳೂರಿನಲ್ಲಿಯೂ ಇದೇ ಚಿಂತೆ ಇದ್ದಿತು. ಆ ಕರಾವಳಿಯ ಕ್ಯಾಥೊಲಿಕರು ರೋಮಿಗೆ ಮನವಿಗಳನ್ನು ಕಳುಹಿಸಿ, ತಮಗೆ ಜೆಸ್ವಿತರನ್ನು ಕೊಡಬೇಕೆಂದು ಕೇಳಿಕೊಂಡಿದ್ದರು. 1878ರ ಕೊನೆಯಲ್ಲಿ ಇಟಲಿಯ ಜೆಸ್ವಿತರು ಬಂದಿಳಿದರು. ಮರುವರ್ಷವೇ, ಅಂದರೆ 1879ರಲ್ಲಿ, ಸಂತ ಜೋಸೆಫರ ಗುರುಮಠ ಆರಂಭವಾಯಿತು. ಕೇಳಿದವರು ಹೊರಗಿನಿಂದ ಗುರುಗಳನ್ನು ಪಡೆದರು. ಬಂದವರು, ಇನ್ನು ಮುಂದೆ ಗುರುಗಳನ್ನು ನಿಮ್ಮ ಮನೆಗಳಿಂದಲೇ ಕೊಡಿರಿ ಎಂಬಂತೆ ಗುರುಮಠವನ್ನು ತೆರೆದರು. ಎರಡು ಖಂಡಗಳಲ್ಲಿ ನಡೆದ ಈ ಎರಡು ಸಂಗತಿಗಳ ತತ್ತ್ವ ಒಂದೇ.

ತಾಯಂದಿರು ಇದಕ್ಕಾಗಿ ತೆತ್ತ ಬೆಲೆಯನ್ನು ಮರೆಯಬಾರದು. ಅಂದಿನ ಧರ್ಮಪ್ರಚಾರಕನು ಹಡಗು ಹತ್ತಿದರೆ ಮತ್ತೆ ಯಾವಾಗ ಬರುವನೆಂದು ಹೇಳುವಂತಿರಲಿಲ್ಲ. ಕಾಗದ ವಾರಗಟ್ಟಲೆ ಪ್ರಯಾಣ ಮಾಡುತ್ತಿದ್ದಿತು. ತಾಯಿಯ ಕೊನೆಗಾಲದಲ್ಲಿ ಮಗನು ಬಳಿಯಲ್ಲಿರುವ ಭರವಸೆ ಇಲ್ಲ. ಶಂಕರರು ತಾಯಿಗೆ ಕೊಟ್ಟ ಮಾತಿನಂತೆ ಅಂತ್ಯಕಾಲಕ್ಕೆ ಬಂದು ಸಂಸ್ಕಾರ ಮಾಡಿದರೆಂದು ನಮ್ಮ ಕಥೆ ಹೇಳುತ್ತದೆ. ಪ್ರಚಾರಕನ ತಾಯಿಗೆ ಅಷ್ಟು ಮಾತೂ ದೊರೆಯುವಂತಿರಲಿಲ್ಲ. ಇದನ್ನು ತಿಳಿದೂ ಆಕೆ ಮುಂದಿನ ಮಂಗಳವಾರ ಮತ್ತೆ ದೇವಾಲಯಕ್ಕೆ ಹೋದಳು.

1946ರ ಸೆಪ್ಟೆಂಬರ್ 1ರಿಂದ 4ರವರೆಗೆ ಲೂ ಗ್ರಾಮದಲ್ಲಿ ಒಂದು ಸಮ್ಮೇಳನ ನಡೆಯಿತು. ಮಹಾಯುದ್ಧ ಮುಗಿದು ಒಂದು ವರ್ಷವಾಗಿದ್ದಿತಷ್ಟೆ. ಆ ವರ್ಷದ ಜೂನ್ ತಿಂಗಳಲ್ಲಿ ಇಟಲಿಯ ಜನ ಮತ ನೀಡಿ ಅರಸೊತ್ತಿಗೆಯನ್ನೇ ತೆಗೆದುಹಾಕಿದ್ದರು. ಅಂಥ ಕಾಲದಲ್ಲಿ, ಆ ಊರಿನಲ್ಲಿ ಹುಟ್ಟಿ ದೀಕ್ಷೆ ಪಡೆದವರು ಲೋಕದ ನಾನಾ ಮೂಲೆಗಳಿಂದ ಮರಳಿ ಬಂದು ನಾಲ್ಕು ದಿನ ಒಟ್ಟಿಗೆ ಕೂಡಿದರು. ಅವರೆಲ್ಲರೂ ಸಾಲುಸಾಲಾಗಿ ಕುಳಿತು ನಿಂತು ತೆಗೆಸಿಕೊಂಡ ಛಾಯಾಚಿತ್ರವು ಮುಂದೆ ಕ್ಯಾಥೊಲಿಕ್ ಲೋಕದಲ್ಲೆಲ್ಲ ಪ್ರಸಿದ್ಧವಾಯಿತು. ಒಂದು ಹಳ್ಳಿಯ ಮಕ್ಕಳು ಒಂದೇ ಚಿತ್ರದಲ್ಲಿ ಹಿಡಿಸಲಾರದಷ್ಟು ಆಗಿದ್ದರು.

ಗೃಹಸ್ಥರ ಇಂಥ ಪ್ರಾರ್ಥನೆಯು ಲೂ ಗ್ರಾಮದಲ್ಲಿಯೇ ನಿಲ್ಲಲಿಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿ 1935ರಲ್ಲಿ ಕೆಲವರು ಗೃಹಸ್ಥರು ಸೇರಿ, ಗುರುಜೀವನಕ್ಕೆ ಹೊರಡುವ ತರುಣರಿಗೆ ಪ್ರೋತ್ಸಾಹ ಕೊಡುವುದಕ್ಕಾಗಿ ಸೆರ್ರಾ ಕೂಟವನ್ನು ಕಟ್ಟಿದರು. 1941ರಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳು ದೈವಕರೆಗಾಗಿ ಒಂದು ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿದರು. 1942ರಲ್ಲಿ ಪ್ಯಾಟ್ರಿಕ್ ಪೇಟನ್ ಎಂಬ ಐರಿಷ್ ಮೂಲದ ಗುರುಗಳು, ಮನೆಮಂದಿಯೆಲ್ಲ ದಿನವೂ ಒಟ್ಟಿಗೆ ಜಪಸರ ಹೇಳಬೇಕೆಂಬ ಚಳವಳಿಯನ್ನು ಅಮೆರಿಕದಲ್ಲಿ ಆರಂಭಿಸಿದರು. 1964ರಿಂದ ದೈವಕರೆಗಾಗಿ ಪ್ರಾರ್ಥಿಸುವ ವಿಶ್ವದಿನವು ಆಚರಣೆಗೆ ಬಂದಿತು. 2007ರಲ್ಲಿ ರೋಮಿನ ಅಧಿಕಾರಿಗಳು ಗುರುಗಳಿಗಾಗಿ ಆರಾಧನೆ ನಡೆಸಬೇಕೆಂದು ಲೋಕಕ್ಕೆಲ್ಲ ಕರೆಕೊಟ್ಟಾಗ, ನಿದರ್ಶನವಾಗಿ ಹೇಳಿದ ಕಥೆಗಳಲ್ಲಿ ಲೂ ಗ್ರಾಮದ ತಾಯಂದಿರ ಕಥೆಯೂ ಒಂದು.

ಆದರೆ ಕಾಲವು ಯಾವುದನ್ನೂ ಇದ್ದಂತೆ ಇರಗೊಡದು. ಮನೆಗಳಲ್ಲಿ ಮಕ್ಕಳು ಕಡಮೆಯಾದರು. ಹಳ್ಳಿಯ ಜನ ನಗರಗಳನ್ನು ಸೇರಿದರು. ಇಟಲಿಯಲ್ಲಿ ಗುರುಗಳಾಗುವವರ ಸಂಖ್ಯೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಹಳ ಇಳಿದುಹೋಯಿತು. ಲೂ ಗ್ರಾಮವು ಕೂಡ 2019ರಲ್ಲಿ ನೆರೆಯ ಕುಕ್ಕಾರೊ ಊರಿನೊಡನೆ ಕೂಡಿ ಒಂದೇ ಪೌರಾಡಳಿತವಾಯಿತು. ಆದುದರಿಂದ ಈ ಕಥೆಯನ್ನು ಎಲ್ಲ ಕಾಲಕ್ಕೂ ಸಲ್ಲುವ ಸಿದ್ಧೌಷಧದಂತೆ ಹೇಳುವುದು ತಪ್ಪಾದೀತು. ಪ್ರಾರ್ಥನೆಯೆಂಬುದು ಇಷ್ಟು ಹಾಕಿದರೆ ಇಷ್ಟು ಬರುವ ಲೇವಾದೇವಿಯಲ್ಲ. ಆ ತಾಯಂದಿರೂ ಹಾಗೆ ಎಣಿಸಿದಂತೆ ತೋರುವುದಿಲ್ಲ. ಅವರು ಕೇಳಿದುದು ಒಬ್ಬ ಮಗನನ್ನು ಕೊಡುವ ಭಾಗ್ಯ; ಮಾತು ಕೊಟ್ಟದ್ದು ತಮ್ಮ ಇಡೀ ಬಾಳನ್ನು.

1946ರ ಆ ಚಿತ್ರದಲ್ಲಿ ಕಾಣುವವರು ಮಕ್ಕಳು. 1881ರಲ್ಲಿ ದೇವಾಲಯದಲ್ಲಿ ಮೊಣಕಾಲೂರಿದ ತಾಯಂದಿರು ಅಷ್ಟು ಹೊತ್ತಿಗೆ ಬಹುಮಂದಿ ಮಣ್ಣುಗೂಡಿರಬೇಕು. ಕಥೆಯಲ್ಲಿ ಅವರಿಗೆ ಬೇರೆಬೇರೆ ಹೆಸರುಗಳಿಲ್ಲ; ‘ಲೂ ಗ್ರಾಮದ ತಾಯಂದಿರು’ ಎಂಬ ಒಂದೇ ಹೆಸರಿನಿಂದ ಅವರನ್ನು ಕರೆಯುತ್ತಾರೆ. ಒಟ್ಟಾಗಿ ಬೇಡಿದವರಿಗೆ ಒಟ್ಟಾಗಿಯೇ ಒಂದು ಹೆಸರು ಉಳಿದದ್ದು ಉಚಿತವಾಗಿಯೇ ಇದೆ.